ಎರಡು ಡೆಸಿಬಲ್

"ಫೇಲ್," ಎಂದಳು ನೆವೆನಾ. ಪರದೆಯಿಂದ ಕಣ್ಣು ಕೂಡ ಎತ್ತಲಿಲ್ಲ.

ಲೆಸ್ಕೊವಾತ್ಸ್‌ನಿಂದ ನೀಶ್ ನಗರದ ಈ ಪರೀಕ್ಷಾ ಪ್ರಯೋಗಾಲಯದವರೆಗೆ ಬಾಡಿಗೆ ವ್ಯಾನಿನಲ್ಲಿ ಯಂತ್ರ ಹೇರಿಕೊಂಡು ಬಂದಿದ್ದ ಸ್ರೆತೆನ್‌ಗೆ ಕಪಾಳಕ್ಕೆ ಹೊಡೆದಂತಾಯಿತು.

"ಎಷ್ಟರಲ್ಲಿ ಫೇಲ್?"

"ಒಂಬತ್ತು ಡೆಸಿಬಲ್. ಕೆಂಪು ಗೆರೆ ಕಾಣ್ತಿದ್ಯಲ್ಲ? ನಿಮ್ಮ ಯಂತ್ರ ಎಬ್ಬಿಸೋ ರೇಡಿಯೋ ಅಲೆಗಳ ಗದ್ದಲ ಅದರ ಕೆಳಗಿರ್ಬೇಕು. ಮೇಲೆ ಹತ್ತಿ ಕೂತಿದೆ."

"ಮೇಡಂ, ಅದು ಮೆಣಸಿನಕಾಯಿ ತೊಟ್ಟು ತೆಗೆಯೋ ಯಂತ್ರ. ಬಾಂಬ್ ಅಲ್ಲ. ಯಾರಿಗೇನು ಕೇಡು?"

"ಪಕ್ಕದ ಮನೆ ರೇಡಿಯೋಗೆ ಕೇಡು. ರಸ್ತೇಲಿ ಹೋಗೋ ಆಂಬುಲೆನ್ಸಿನ ವೈರ್‌ಲೆಸ್‌ಗೆ ಕೇಡು. ಮುಂದಿನ ಗಿರಾಕಿ ಕಾಯ್ತಿದ್ದಾರೆ."

ಆಗ ಅವಳು ತಲೆಯೆತ್ತಿದಳು. ಬೂದು ಬಣ್ಣದ, ನಿದ್ದೆಗೆಟ್ಟ, ಯಾರಿಗೂ ಸೊಪ್ಪು ಹಾಕದ ಕಣ್ಣುಗಳು. ಸ್ರೆತೆನ್‌ಗೆ ಬೈಗುಳವೊಂದು ನಾಲಿಗೆಯ ತುದಿಗೆ ಬಂದು ಅಲ್ಲೇ ಅಂಟಿಕೊಂಡಿತು. ಅದಕ್ಕಾಗಿ ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡ.

ತಾನು ದುಡಿಯುತ್ತಿದ್ದ ಟಿವಿ ಕಾರ್ಖಾನೆ ಮುಚ್ಚಿದ ಮೇಲೆ ನಾಲ್ಕು ಜನ ಹಳೆಯ ಸಹೋದ್ಯೋಗಿಗಳನ್ನು ಕಟ್ಟಿಕೊಂಡು ಅವನು ಈ ಯಂತ್ರ ಮಾಡಿದ್ದ. ಹೊರದೇಶದ ಗ್ರಾತ್ಸ್‌ ನಗರದ ವ್ಯಾಪಾರಿಯೊಬ್ಬ ನಲವತ್ತು ಯಂತ್ರ ಬೇಕೆಂದಿದ್ದ. ಒಂದೇ ಷರತ್ತು: ಆಗಸ್ಟ್ ಮುಗಿಯುವುದರೊಳಗೆ ಪ್ರಮಾಣಪತ್ರ. ಸೆಪ್ಟೆಂಬರ್ ಬಂದರೆ ಊರೂರಲ್ಲೂ ಕೆಂಪು ಮೆಣಸಿನಕಾಯಿಯ ಗೊಜ್ಜು ಐವಾರ್ ಕುದಿಯತೊಡಗುತ್ತದೆ. ಆ ಹಂಗಾಮು ತಪ್ಪಿದರೆ ಮೆಣಸಿನಕಾಯಿ ಯಂತ್ರ ಯಾರಿಗೆ ಬೇಕು?

ಎರಡನೆಯ ಸಲ ಅವನು ಹೊಸ ಫಿಲ್ಟರ್ ಹಾಕಿಕೊಂಡು, ಜೊತೆಗೊಂದು ಕ್ರೇಟ್ ಕೆಂಪು ಮೆಣಸಿನಕಾಯಿಯನ್ನೂ ಹೊತ್ತು ಬಂದ.

"ಇದೇನು, ಲಂಚವಾ?"

"ಯಂತ್ರ ಕೆಲಸ ಮಾಡ್ತಿರೋವಾಗಲೇ ಅಳೀಬೇಕು ಅಂತ ನಿಮ್ಮ ನಿಯಮದಲ್ಲೇ ಇದೆ. ಓದ್ಕೊಂಡು ಬಂದಿದ್ದೀನಿ."

ಅವಳ ತುಟಿಯ ಒಂದು ತುದಿ ಅಲುಗಿತು. ನಗೆಯೋ ಸಿಟ್ಟೋ, ಅವನಿಗೆ ಗೊತ್ತಾಗಲಿಲ್ಲ.

ಪರೀಕ್ಷೆಯ ಕೋಣೆಯ ಗೋಡೆಗಳ ತುಂಬ ಚೂಪು ಚೂಪು ಸ್ಪಂಜು. ಅಲೆಗಳನ್ನೆಲ್ಲ ನುಂಗುವ ಆ ಸ್ಪಂಜು ಮಾತಿನ ಸದ್ದನ್ನೂ ನುಂಗುತ್ತಿತ್ತು. ಯಂತ್ರ ತಿರುಗಿತು, ಆಂಟೆನಾ ಮೇಲೆ ಕೆಳಗೆ ಆಡಿತು, ಬೀಜಗಳು ಎಲ್ಲೆಡೆ ಸಿಡಿದವು.

"ಸ್ಪಂಜಿನೊಳಗೆ ಒಂದು ಬೀಜ ಉಳಿದ್ರೂ ನೀವು ಆಚೆ ಹೋಗೋ ಹಾಗಿಲ್ಲ," ಎಂದು ಅವನ ಕೈಗೊಂದು ಚಿಮಟ ತುರುಕಿ, ತಾನೂ ಇನ್ನೊಂದು ಹಿಡಿದು ಮಂಡಿಯೂರಿದಳು.

ಅರ್ಧ ಗಂಟೆ ಇಬ್ಬರೂ ಬೀಜ ಹೆಕ್ಕುತ್ತ ತೆವಳಿದರು. ಒಂದು ಮೂಲೆಯಲ್ಲಿ ತಲೆಗೆ ತಲೆ ಸೋಕಿತು. ಅವಳ ಹುಬ್ಬಿನಲ್ಲೊಂದು ಬೀಜ ಸಿಕ್ಕಿಕೊಂಡಿತ್ತು.

"ಹುಬ್ಬಲ್ಲಿ ಬೀಜ ಇದೆ."

"ಮುಟ್ಬೇಡಿ."

"ಮುಟ್ಟಲ್ಲ. ಇದೆ ಅಂತ ಹೇಳ್ದೆ, ಅಷ್ಟೆ."

ಅವಳು ತೆಗೆಯಲು ಹೋಗಿ ಇನ್ನೊಂದು ಹುಬ್ಬು ಉಜ್ಜಿದಳು. ಅವನು ಸರಿಯಾದ ಕಡೆ ತೋರಿಸಲಿಲ್ಲ. ನೋಡುತ್ತ ಕುಳಿತ. ಅವಳ ಕಿವಿ ಕೆಂಪಾಯಿತು.

ಹೊರಗೆ ಬಂದು ಗ್ರಾಫ್ ನೋಡಿದಳು. "ಫೇಲ್. ಎರಡು ಡೆಸಿಬಲ್."

"ಎರಡಾ? ಎರಡು ಡೆಸಿಬಲ್‌ಗೆ ಐದು ಮನೆ ಒಲೆ ಆರಿಸ್ತೀರಾ?"

"ಇಲ್ಲಿಗೆ ಬರೋರೆಲ್ಲ ಅದೇ ಎರಡಕ್ಕೆ ಅಳೋದು."

"ಆ ಕೋಣೇಲಿ ಕೂತು ಕೂತು ನಿಮ್ಮೊಳಗೂ ಸ್ಪಂಜು ಬೆಳೆದಿದೆ ಮೇಡಂ. ಯಾರು ಏನು ಹೇಳಿದ್ರೂ ವಾಪಸ್ ಬರಲ್ಲ."

ಅವಳ ಮುಖ ಬಿಳುಚಿಕೊಂಡಿತು. ಯಂತ್ರದ ಕೇಬಲನ್ನು ಕಿತ್ತು ಅವನ ಮುಂದೆ ಮೇಜಿನ ಮೇಲೆ ಬಿಸಾಡಿದಳು.

"ಕೇಬಲಿನ ತಂತಿ ಜಾಲರಿ ಕವಚಾನ ಹಂದಿ ಬಾಲದ ಥರ ಹೊಸೆದು ಒಂದು ಮೂಲೇಲಿ ಕಟ್ಟೋರನ್ನ ಕಂಡ್ರೆ ನನಗೆ ಮೈ ಉರಿಯುತ್ತೆ. ಹೊರಡಿ!"

ಅವನು ಹೊರಟ. ತಾನು ಬೈದದ್ದು ಹೆಚ್ಚಾಯಿತೆಂದು ಹೆದ್ದಾರಿ ಸೇರುವಷ್ಟರಲ್ಲೇ ಅನಿಸಿತು. ತಿರುಗಿ ಹೋಗಲು ಹಮ್ಮು ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಶೆಡ್ಡಿನಲ್ಲಿ ಕೇಬಲನ್ನು ಕೈಯಲ್ಲಿ ಹಿಡಿದಾಗ ಅವಳ ಮಾತು ನೆನಪಾಯಿತು. ಹಂದಿ ಬಾಲ. ಮೋಟಾರಿನ ತುದಿಯಲ್ಲಿ ಕವಚವನ್ನು ಹೊಸೆದು ಕಟ್ಟಿದ್ದವನು ಅವನೇ. ಅದನ್ನು ಬಿಚ್ಚಿ ಸುತ್ತಲೂ ಹರಡಿ, ಲೋಹದ ಪಟ್ಟಿಯಿಂದ ಬಿಗಿದು ಯಂತ್ರ ಓಡಿಸಿ ನೋಡಿದ. ಪಕ್ಕದಲ್ಲಿಟ್ಟ ರೇಡಿಯೋ ಗುರ್ರೆನ್ನುವುದನ್ನು ನಿಲ್ಲಿಸಿ ಹಾಡತೊಡಗಿತು.

ಅವಳು ಬೈದಿದ್ದಳೋ, ದಾರಿ ತೋರಿಸಿದ್ದಳೋ? ಅದನ್ನೇ ಕೇಳಿಬಿಡಬೇಕೆಂದು ಮೂರನೆಯ ಪರೀಕ್ಷೆಗೆ ದಿನ ಗೊತ್ತುಮಾಡಿಕೊಂಡ.

ಆದರೆ ಮೊದಲು ಬಂದದ್ದು ಪ್ರಯೋಗಾಲಯದ ಮುಖ್ಯಸ್ಥರ ಪತ್ರ. 'ನಿಮ್ಮ ಸಂಸ್ಥೆಯ ವಿಷಯದಲ್ಲಿ ತಾನು ನಿಷ್ಪಕ್ಷಪಾತಿಯಾಗಿರಲಾರೆ ಎಂದು ಎಂಜಿನಿಯರ್ ನೆವೆನಾ ಅವರು ಲಿಖಿತವಾಗಿ ತಿಳಿಸಿರುವುದರಿಂದ, ಪರೀಕ್ಷೆಯನ್ನು ಬೇರೆಯವರು ನಡೆಸುವರು.'

ಅವನು ಅದನ್ನು ಎರಡು ಸಲ ಓದಿದ. ನನ್ನ ಯಂತ್ರವನ್ನು ಮುಟ್ಟಲೂ ಅಸಹ್ಯವೇ? ಎದೆಯೊಳಗೆ ಏನೋ ಮುರಿಯಿತು. ಅದು ನೋವೆಂದು ಒಪ್ಪಿಕೊಳ್ಳುವುದಕ್ಕಿಂತ ಸಿಟ್ಟೆನ್ನುವುದು ಸುಲಭವಾಗಿತ್ತು.

ಗುರುವಾರ ಮೀಸೆಯ ಎಂಜಿನಿಯರೊಬ್ಬ ಅಳೆದು, "ಪಾಸ್! ನಾಲ್ಕು ಡೆಸಿಬಲ್ ಕೆಳಗಿದೆ," ಎಂದು ಕೈಕುಲುಕಿದ. ಸ್ರೆತೆನ್ ಪ್ರಮಾಣಪತ್ರದ ಮಾತನ್ನೂ ಕೇಳಿಸಿಕೊಳ್ಳದೆ ಮೆಟ್ಟಿಲು ಹತ್ತಿ ನೆವೆನಾಳ ಬಾಗಿಲು ನೂಕಿದ.

"ಪಾಸಾಯ್ತು. ನಿಮಗೆ ಬೇಜಾರಾಗಿರ್ಬೇಕು."

ಅವಳು ಪೆನ್ನು ಕೆಳಗಿಟ್ಟಳು. "ಬಾಗಿಲು ಹಾಕಿ. ಎಲ್ಲರಿಗೂ ಕೇಳ್ಸುತ್ತೆ."

"ಕೇಳಿಸ್ಲಿ! ನನ್ನ ಮೇಲೆ ಅಷ್ಟೊಂದು ಹಗೆ ಇದ್ರೆ ಮುಖಕ್ಕೇ ಹೇಳ್ಬಹುದಿತ್ತು. ಮುಖ್ಯಸ್ಥರಿಗೆ ಚೀಟಿ ಬರೆದು ನನ್ನ ಮಾನ ಯಾಕೆ ಕಳೆದ್ರಿ?"

"ಹಗೆ ಇದ್ದಿದ್ರೆ ಚೀಟಿ ಯಾಕೆ ಬರೀತಿದ್ದೆ?" ಅವಳ ಧ್ವನಿಯೂ ಏರಿತು. "ನನಗಾಗದ ಗಿರಾಕಿಗಳು ಹದಿನಾರು ಜನ ಇದ್ದಾರೆ. ಎಲ್ಲರ ಯಂತ್ರಾನೂ ನಾನೇ ಅಳೀತೀನಿ. ಒಂದು ದಿನಾನೂ ಕೈ ನಡುಗಿಲ್ಲ!"

ಅವಳು ಕುರ್ಚಿಯಿಂದೆದ್ದಳು.

"ಪರೀಕ್ಷೆ ಮಾಡೋರು ಗಿರಾಕಿಗೆ ದಾರಿ ಹೇಳ್ಕೊಡೋ ಹಾಗಿಲ್ಲ. ನಾನು ಹೇಳ್ದೆ. ಗೆರೆ ಕೆಳಗಿಳೀಲಿ ಅಂತ ಕೂತಲ್ಲೇ ಬೇಡ್ಕೊಂಡೆ. ಹನ್ನೊಂದು ವರ್ಷದಲ್ಲಿ ಯಾವತ್ತೂ ಹಾಗೆ ಮಾಡಿಲ್ಲ. ಅರ್ಥ ಆಯ್ತಾ, ಇಲ್ಲ ಗ್ರಾಫ್ ಹಾಕಿ ತೋರಿಸ್ಬೇಕಾ?"

ಸ್ರೆತೆನ್ ನಿಧಾನವಾಗಿ ಬಾಗಿಲು ಮುಚ್ಚಿದ.

"ಚೀಟೀಲಿ ಕಾರಣ ಏನಂತ ಬರೆದ್ರಿ?"

"ವೈಯಕ್ತಿಕ ಅಂತ." ಅವಳು ಕಿಟಕಿಯ ಕಡೆ ತಿರುಗಿಕೊಂಡಳು. "ಮುಖ್ಯಸ್ಥರು ಇನ್ನೂ ನಗ್ತಿದ್ದಾರೆ. ಇನ್ಮೇಲೆ ನಿಮ್ಮ ಯಾವ ಯಂತ್ರಾನೂ ನನ್ನ ಕೈಗೆ ಬರಲ್ಲ."

"ಒಳ್ಳೇದಾಯ್ತು."

"ಏನು ಒಳ್ಳೇದು?"

"ಹತ್ತು ದಿನದಿಂದ ನಿಮ್ಮನ್ನ ಮನಸಲ್ಲೇ ಬೈತಿದ್ದೀನಿ. ಬೈಗುಳ ಮುಗಿದು ಮೂರು ದಿನ ಆಯ್ತು. ನೆನಪು ಮಾತ್ರ ನಿಂತಿಲ್ಲ."

ಅವಳು ತಿರುಗಿದಾಗ ಕಣ್ಣು ಒದ್ದೆಯಾಗಿತ್ತು, ಹುಬ್ಬು ಮಾತ್ರ ಗಂಟಿಕ್ಕಿಯೇ ಇತ್ತು.

"ನನಗಿನ್ನೂ ಸಿಟ್ಟು ಹೋಗಿಲ್ಲ," ಎಂದಳು.

"ನನಗೂ ಹೋಗಿಲ್ಲ."

"ಬೆಳಗಿಂದ ಏನಾದ್ರೂ ತಿಂದಿದ್ಯಾ?"

ಅವಳು 'ನೀವು' ಬಿಟ್ಟದ್ದನ್ನು ಇಬ್ಬರೂ ಒಟ್ಟಿಗೇ ಕೇಳಿಸಿಕೊಂಡರು. ಅವಳು ನಾಲಿಗೆ ಕಚ್ಚಿಕೊಂಡಳು, ತಿದ್ದಲಿಲ್ಲ.

"ಇಲ್ಲ."

"ಬುರೆಕ್ ಅಂಗಡಿ ಎರಡಕ್ಕೆ ಬಾಗಿಲು ಹಾಕುತ್ತೆ. ಸುಮ್ನೆ ನಿಂತಿರ್ಬೇಡ, ಬಾ," ಎಂದು ಗದರಿ, ಅವನ ತೋಳು ಹಿಡಿದು ಮೆಟ್ಟಿಲಿಳಿದಳು.