ಬೆಲ್ ಕೆಟ್ಟಿದೆ, ಬಾಗಿಲು ತಟ್ಟಿ

ಬೀಗ ರಿಪೇರಿ ಮಾಡುವವನ ಮನೆಯ ಬಾಗಿಲಿಗೆ ಇಂಥದೊಂದು ಚೀಟಿ ಅಂಟಿಸಿದ್ದರೆ ಯಾರಿಗಾದರೂ ನಗು ಬರಬೇಕಾದ್ದೇ. ಆ ಮನೆಗೆ ಬರತೊಡಗಿದ ಫಿಸಿಯೋಥೆರಪಿಸ್ಟ್‌ಗೂ ಮೊದಲ ದಿನ ಬಂದಿತ್ತು. ಊರಿನ ಬೀಗಗಳೆಲ್ಲ ಇವನ ಮಾತು ಕೇಳುತ್ತಿದ್ದವು, ಮನೆಯ ಬೆಲ್ ಮಾತ್ರ ಕೇಳುತ್ತಿರಲಿಲ್ಲ. ದೂರದಲ್ಲಿರುವ ಅಕ್ಕ ಪ್ರೀತಿಯಿಂದ ಕಳಿಸಿದ ಸ್ಮಾರ್ಟ್ ಬೆಲ್ ಅದು. ಅದಕ್ಕೆ ವೈಫೈ ಬೇಕು, ಆ್ಯಪ್ ಬೇಕು, ಪಾಸ್‌ವರ್ಡ್ ಬೇಕು. ಕೇಳಿದ್ದೆಲ್ಲ ಕೊಟ್ಟ ಮೇಲೂ ‘ಅಪ್‌ಡೇಟ್ ಆಗುತ್ತಿದೆ’ ಎಂದು ತೋರಿಸಿ ಸುಮ್ಮನಾಗಿಬಿಡುತ್ತಿತ್ತು. ಒತ್ತಿದರೆ ಕುಂಯ್ ಎನ್ನುತ್ತಲೂ ಇರಲಿಲ್ಲ.

ಅವಳು ಬರುತ್ತಿದ್ದದ್ದು ಅವನ ತಂದೆಗಾಗಿ. ರೋಗಿಗಳ ಹೆಸರಿಗಿಂತ ಕೀಲುಗಳೇ ಅವಳಿಗೆ ನೆನಪಿರುತ್ತಿದ್ದವು. ಭುಜದ ಆಂಟಿ, ಬೆನ್ನಿನ ಮೇಷ್ಟ್ರು, ಹೀಗೆ. ಈ ಮನೆಯವರು ಮಂಡಿ ತಾತ. ಆಪರೇಷನ್ ಆದಮೇಲೆ ಕಾಲು ಮಡಿಸಿ ಎಂದರೆ ಹುಬ್ಬು ಗಂಟಿಕ್ಕುವ ಆಸಾಮಿ.

ಕೆಟ್ಟ ಬೆಲ್‌ನಿಂದ ಅವಳಿಗೊಂದು ಉಪಕಾರವಾಗಿತ್ತು. ಅದರ ಕಪ್ಪು ಗಾಜು ಒಳ್ಳೆಯ ಕನ್ನಡಿ. ಬಾಗಿಲು ತಟ್ಟುವ ಮುಂಚೆ ಅದರೆದುರು ಬಗ್ಗಿ ಕೂದಲು ಸರಿಮಾಡಿಕೊಳ್ಳುವಳು. ಹಲ್ಲಿನ ಸಂದಿಯಲ್ಲಿ ಏನಾದರೂ ಉಳಿದಿದೆಯೇ ಎಂದು ಬಾಯಿ ಅಗಲಿಸಿ ನೋಡುವಳು. ಲಿಪ್‌ಸ್ಟಿಕ್ ಹೆಚ್ಚಾಯಿತೆಂದು ಒರೆಸಿ, ಒರೆಸಿದ್ದು ಹೆಚ್ಚಾಯಿತೆಂದು ಮತ್ತೆ ಹಚ್ಚುವಳು. ಆಮೇಲೆ ಪಿಸುದನಿಯಲ್ಲಿ ಅಭ್ಯಾಸ.

“ನಾವಿಬ್ರೂ ಒಂದಿನ ಹೊರಗೆ ಕಾಫಿಗೆ ಭೇಟಿಯಾಗೋಣ ಅಂತ...” ಛೆ, ಆಫೀಸಿನ ಮೀಟಿಂಗ್ ಥರ ಆಯಿತು. “ರೀ, ಕಾಫಿ ಕುಡೀತೀರಾ?” ಅವನ ಮನೆ ಬಾಗಿಲಲ್ಲೇ ನಿಂತು ಅವನನ್ನೇ ಉಪಚರಿಸಿದ ಹಾಗಾಯಿತು. ಓರೆಗಣ್ಣಿನಿಂದ ನೋಡಿ ನಗುವುದನ್ನೂ ಅಲ್ಲೇ ಕಲಿತಳು. ಒಂದು ಸಲವಂತೂ ಧೈರ್ಯಕ್ಕೆಂದು ಆ ಗಾಜಿಗೊಂದು ಮುತ್ತನ್ನೂ ಕೊಟ್ಟಿದ್ದಳು.

ಇಷ್ಟೆಲ್ಲ ಮಾಡಿ ಬಾಗಿಲು ತಟ್ಟಿದರೆ ಒಂದೇ ಏಟಿಗೆ ತೆರೆದುಕೊಳ್ಳುತ್ತಿತ್ತು. ಎಂದೂ ಎರಡನೆಯ ಸಲ ತಟ್ಟಿದ್ದಿಲ್ಲ. ಕೈಗಂಟಿದ ಎಣ್ಣೆಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ಅವನು “ಬನ್ನಿ” ಎನ್ನುವನು. ಬ್ಯಾಗ್ ಈಸಿಕೊಳ್ಳುವಾಗ ಅವನ ನೋಟ ಅವಳ ಮುಖದ ತನಕ ಬಂದು, ತಪ್ಪು ಮಾಡಿದಂತೆ ಬ್ಯಾಗಿನ ಜಿಪ್ಪಿಗೆ ಇಳಿದುಬಿಡುವುದು. ಅವಳು ಕಲಿತದ್ದೆಲ್ಲ ಮರೆತು, ತಾತನ ಊತ ಇಳಿಯಿತೇ ಎಂದು ಕೇಳುವಳು. ಪಾಪ, ಎಷ್ಟು ಚುರುಕು ಕಿವಿ ಇವನದು ಎಂದುಕೊಳ್ಳುವಳು.

ಆ ದಿನ ತಾತನ ಕಾಲನ್ನು ತನ್ನ ಹೆಗಲ ಮೇಲಿಟ್ಟುಕೊಂಡು ಮೆಲ್ಲಗೆ ಮಡಿಸುತ್ತಿದ್ದಾಗ, ಹಾಸಿಗೆಯ ಪಕ್ಕದ ಟ್ಯಾಬ್ಲೆಟ್ ತಾನಾಗಿ ಬೆಳಗಿತು. ಅದರಲ್ಲಿ ಕೊರಿಯರ್‌ನವನ ಮುಖ ಮೂಗಿನ ಹೊಳ್ಳೆ ಸಮೇತ ತುಂಬಿಕೊಂಡಿತ್ತು. ಒಂದು ಬೆಲ್ ನೆಟ್ಟಗಿಟ್ಟುಕೊಳ್ಳೋಕಾಗಲ್ಲ ಇವರಿಗೆ ಎಂದು ಅವನು ಗೊಣಗಿದ್ದೂ ಸ್ಪಷ್ಟವಾಗಿ ಕೇಳಿಸಿತು.

“ತಾತ, ಬೆಲ್ ಕೆಟ್ಟಿದೆ ಅಲ್ವಾ?” ಎಂದಳು.

“ಕೆಟ್ಟಿರೋದು ಗಂಟಲು ಮಾತ್ರ ಅಮ್ಮ. ಕಣ್ಣು ಕಿವಿ ಎಲ್ಲ ಚೆನ್ನಾಗೇ ಇದೆ,” ಎಂದವರು ನಾಲಿಗೆ ಕಚ್ಚಿಕೊಂಡರು.

ಅವಳು ತಿರುಗಿ ನೋಡಿದಳು. ಕೋಣೆಯ ಬಾಗಿಲಲ್ಲಿ ಬೀಗದವನು ನಿಂತಿದ್ದ. ಅವನ ಕಿವಿಗಳು ಕೆಂಪಗಾಗಿದ್ದವು. ಕೇಳುವುದಕ್ಕೆ ಏನೂ ಉಳಿದಿರಲಿಲ್ಲ. ತಾತನ ಕಾಲನ್ನು ದಿಂಬಿನ ಮೇಲಿಟ್ಟು, ತಲೆನೋವೆಂದು ಹೇಳಿ, ಬ್ಯಾಗನ್ನೂ ಬಿಟ್ಟು ಹೊರಬಿದ್ದಳು.

ದಾರಿಯುದ್ದಕ್ಕೂ ಒಂದೊಂದೇ ನೆನಪಾಯಿತು. ಅಗಲಿಸಿದ ಬಾಯಿ. ಓರೆಗಣ್ಣು. ಅಯ್ಯೋ, ಆ ಮುತ್ತು. ನೆಲ ಬಾಯಿಬಿಡಬಾರದೇ ಎನಿಸಿತು. ಹದಿನೆಂಟರ ಹುಡುಗಿಯಾಗಿದ್ದರೆ ಚೇಷ್ಟೆ ಎನ್ನಬಹುದಿತ್ತು, ಕಿವಿಯ ಹಿಂದೆ ನರೆಗೂದಲು ಬಂದವಳು ಏನೆಂದು ಹೇಳಿಕೊಳ್ಳಬೇಕು? ಅಪ್ಪ ಮಗ ಕೂತು ನಕ್ಕಿರಬೇಕು. ಹಾಗೆಂದುಕೊಂಡಾಗ ನಾಚಿಕೆಗಿಂತ ನೋವೇ ಹೆಚ್ಚಾಯಿತು. ಅವನು ನಗುವವನಲ್ಲ ಎಂದು ನಂಬಿಯೇ ಅಲ್ಲವೇ ಅವಳು ಇಷ್ಟೆಲ್ಲ ಅಭ್ಯಾಸ ಮಾಡಿದ್ದು.

ಕ್ಲಿನಿಕ್‌ನಲ್ಲಿ ಬೇರೆಯವರನ್ನು ಕಳಿಸಿ ಎಂದು ಬೇಡಿಕೊಂಡಳು. ಮುಂದಿನ ವಾರದಿಂದ ಕಳಿಸೋಣ, ಈ ಸಲ ನೀನೇ ಹೋಗಿ ಬಾ, ಈಗ ಬಿಟ್ಟರೆ ಮಂಡಿ ಬಿಗಿದುಕೊಳ್ಳುತ್ತದೆ ಎಂದರು. ಅದು ನಿಜವೇ. ಕೊನೆಯ ಸಲವೆಂದು ಮನಸ್ಸು ಗಟ್ಟಿಮಾಡಿಕೊಂಡು ಹೋದಳು. ತಲೆ ಬಾಚಿರಲಿಲ್ಲ, ಬೇಕೆಂದೇ. ಬೆಲ್‌ನತ್ತ ನೋಡದೆ, ನೆಲ ನೋಡುತ್ತ ಬಾಗಿಲು ತಟ್ಟಿದಳು.

ಒಂದೇ ಏಟಿಗೆ ತೆರೆಯಿತು.

“ಎಷ್ಟು ನೋಡಿದ್ರಿ?” ತಲೆಯೆತ್ತದೆಯೇ ಕೇಳಿದಳು.

“ಎಲ್ಲಾ,” ಎಂದ. ಸುಳ್ಳು ಹೇಳಲು ಅವನಿಗೆ ಬರುತ್ತಿರಲಿಲ್ಲ. “ಮೊದಲನೇ ಸಲ ಗೊತ್ತಿಲ್ದೆ ನೋಡಿದ್ದು. ಆಮೇಲೆಲ್ಲ ಗೊತ್ತಿದ್ದೇ. ಬೇರೆಯವರ ಬೀಗ ತೆಗೆದ ಮೇಲೆ ಮನೆ ಕಡೆ ಬೆನ್ನು ಹಾಕಿ ನಿಲ್ಬೇಕು, ಇಣುಕಬಾರದು. ಅದು ನಮ್ಮ ಕೆಲಸದ ಮರ್ಯಾದೆ. ನಿಮ್ಮ ವಿಷಯದಲ್ಲಿ ಇಣುಕಿಬಿಟ್ಟೆ. ನಾಚಿಕೆ ಆಗ್ಬೇಕಾದ್ದು ನನಗೆ, ನಿಮಗಲ್ಲ.”

“ಹೇಳಬಹುದಿತ್ತಲ್ಲ.”

“ಹೇಳಿದ್ರೆ ನಿಲ್ಲಿಸಿಬಿಡ್ತಿದ್ರಿ.”

ಅವಳ ಕೆನ್ನೆ ಬಿಸಿಯಾಯಿತು. ಸಿಟ್ಟು ಎಲ್ಲಿಗೆ ಜಾರಿತೋ ಹುಡುಕುವಷ್ಟರಲ್ಲಿ ಅವನು ಚಪ್ಪಲಿ ಮೆಟ್ಟಿಕೊಂಡಿದ್ದ. ಅಪ್ಪನ ಹತ್ತಿರ ಹೋಗಿ ಕೂತುಕೊಳ್ಳಿ ಎಂದವನೇ ಹೊರಗೆ ಹೋಗಿ ಬಾಗಿಲು ಎಳೆದುಕೊಂಡ.

ಟ್ಯಾಬ್ಲೆಟ್ ಬೆಳಗಿತು. ಮೊದಲು ಬರೀ ಹಣೆ. ಹಿಂದೆ ಸರಿದ ಮೇಲೆ ಮುಖ. ಅಂಗೈಯಿಂದ ಕೂದಲು ಒತ್ತಿಕೊಂಡ. ಹಲ್ಲು ಕಿರಿದು ನೋಡಿಕೊಂಡ. ಓರೆಗಣ್ಣು ಮಾಡಲು ಹೋದರೆ ಎರಡು ಕಣ್ಣೂ ಮೂಗಿನ ಕಡೆಗೇ ತಿರುಗಿದವು. ತಾತ ತಾವೇನೂ ನೋಡುತ್ತಿಲ್ಲವೆಂದು ಕಣ್ಣಿಗೆ ಕೈ ಅಡ್ಡ ಹಿಡಿದರು, ಬೆರಳುಗಳ ನಡುವೆ ಧಾರಾಳವಾಗಿ ಜಾಗ ಬಿಟ್ಟು.

“ನೀವು ಬರೋ ದಿನ ನಾನು ಅಂಗಡಿ ತೆಗೆಯಲ್ಲ,” ಎಂದ ಅವನು ಗಾಜಿಗೆ. “ಫೋನ್‌ನಲ್ಲಿ ನಿಮ್ಮನ್ನೇ ನೋಡ್ತಾ ಬಾಗಿಲ ಹಿಂದೆ ಚಿಲಕ ಹಿಡ್ಕೊಂಡು ನಿಂತಿರ್ತೀನಿ. ನಿಮ್ಮ ಅಭ್ಯಾಸ ಮುಗೀಲಿ ಅಂತ.”

ಅಷ್ಟರಲ್ಲಿ ಎದುರುಮನೆಯಾಕೆ ತರಕಾರಿ ಚೀಲ ಹಿಡಿದು ಬಂದು, ಬೀಗದವನೇ ಹೊರಗೆ ಉಳಿದುಬಿಟ್ಟನೇ ಎಂದು ತಮಾಷೆ ಮಾಡಿದಳು. ಅವನ ಕಿವಿ ಇನ್ನಷ್ಟು ಕೆಂಪಾಯಿತು. ಈಗ ನಿಲ್ಲಿಸುತ್ತಾನೆ ಎಂದುಕೊಂಡಳು ಒಳಗಿದ್ದವಳು. ಅವನು ನಿಲ್ಲಿಸಲಿಲ್ಲ. ಆಕೆ ಚೀಲ ಕೆಳಗಿಟ್ಟು ಕೇಳುತ್ತ ನಿಂತಳು, ಅವನು ಆಕೆಯೆದುರಿಗೇ ಬೆಲ್‌ಗೆ ಹೇಳಿದ:

“ನಿಮ್ಮನ್ನ ಕಂಡ್ರೆ ನನಗೆ ತುಂಬ ಇಷ್ಟ ರೀ. ಕಾಫಿಗೆ ಬರ್ತೀರಾ?”

ಆಮೇಲೆ ಕಣ್ಣು ಮುಚ್ಚಿಕೊಂಡು ಗಾಜಿಗೊಂದು ಮುತ್ತು ಕೊಟ್ಟ. ಸ್ಕ್ರೀನ್ ಕತ್ತಲಾಯಿತು.

ಚೆನ್ನಾಗಿ ನೋಡಬೇಕೆಂದು ಬಾಗುವ ಭರದಲ್ಲಿ ತಾತನ ಮಂಡಿ ಪೂರ್ತಿ ಮಡಚಿಕೊಂಡಿತ್ತು. ಅದು ಅವರಿಗೂ ಗೊತ್ತಾಗಲಿಲ್ಲ, ಅವಳಿಗೂ. ಅವಳು ಟ್ಯಾಬ್ಲೆಟ್ಟನ್ನು ಹಾಸಿಗೆಯ ಮೇಲೆ ಬೋರಲು ಹಾಕಿ, ಬಾಗಿಲ ಬಳಿ ಹೋಗಿ ಚಿಲಕ ಹಿಡಿದು ನಿಂತಳು. ಆಚೆ ಅವನು ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು.

ಒಮ್ಮೆ ತಟ್ಟಿದ. ಎರಡನೆಯ ಸಲಕ್ಕೆ ಕೈಯೆತ್ತುವ ಮುಂಚೆಯೇ ಅವಳು ಬಾಗಿಲು ತೆರೆದಳು.