ನೀಲಿ ಗಾರೆಯ ತುಂಡು

ಮಂಗಳವಾರ ಮಧ್ಯಾಹ್ನ ಮೂರೂವರೆಗೆ ಗಣಿ ಕಂಪನಿಯ ಮ್ಯಾನೇಜರ್ ಖುದ್ದಾಗಿ ಠಾಣೆಗೆ ಬಂದು ದೂರು ಕೊಟ್ಟರು. ಊಟದ ಹೊತ್ತಿನಲ್ಲಿ ಯಾರೋ ಕಚೇರಿಯ ಕಿಟಕಿಗೆ ಕಲ್ಲು ಹೊಡೆದಿದ್ದಾರೆ. ಗಣಿಯ ಕೆಳಗಿನ ಹಳ್ಳಿಯ ಟ್ರ್ಯಾಕ್ಟರ್ ಚಾಲಕನ ಮೇಲೆ ಅನುಮಾನ.

“ಹೋದ ವಾರ ನನ್ನ ಮುಖಕ್ಕೆ ಬೆರಳು ತೋರಿಸಿ ಬೈದಿದ್ದ. ಸಂಜೆಯೊಳಗೆ ಒಳಗೆ ಹಾಕಿ ಸಾರ್.”

ಎಫ್‌ಐಆರ್ ದಾಖಲಾಯಿತು. ನಾಲ್ಕು ಗಂಟೆಗೆ ಇನ್‌ಸ್ಪೆಕ್ಟರ್ ಮತ್ತು ಹಿರಿಯ ಕಾನ್‌ಸ್ಟೇಬಲ್ ಸ್ಥಳ ಪಂಚನಾಮೆಗೆ ಹೋದರು. ಗಾಜಿನ ಚೂರುಗಳ ನಡುವೆ ಬಿದ್ದಿದ್ದದ್ದು ಕಲ್ಲಲ್ಲ, ಮುಷ್ಟಿಗಾತ್ರದ ಗಾರೆಯ ತುಂಡು. ಒಂದು ಮೈಗೆ ನೀಲಿ ಸುಣ್ಣ. ಎದುರು ಗೋಡೆಯ ಫಲಕದಲ್ಲಿ ಆ ಹಳ್ಳಿಯ ಮುಂದೆ ಹಸಿರು ಬಿಲ್ಲೆ.

“ಇದೇನು?” ಇನ್‌ಸ್ಪೆಕ್ಟರ್ ಫಲಕ ತೋರಿಸಿ ಕೇಳಿದರು.

“ಜನರ ಅಸಮಾಧಾನ ಎಷ್ಟಿದೆ ಅಂತ ಪ್ರತಿ ತಿಂಗಳು ಅಳೀತೀವಿ. ಸರ್ವೆ ಹುಡುಗಿ ಮನೆಮನೆಗೆ ಹೋಗಿ ಕೇಳ್ತಾಳೆ. ಹಸಿರು ಅಂದ್ರೆ ನೆಮ್ಮದಿ. ಕೆಂಪಾದ್ರೆ ಸಿಡಿಮದ್ದು ನಿಲ್ಲಿಸಿ, ಮೇಲಿನವರೇ ಬಂದು ನೋಡಬೇಕು.” ಮ್ಯಾನೇಜರ್ ಬೆವರೊರೆಸಿಕೊಂಡರು. “ಈ ಗಲಾಟೆಯಿಂದ ನಾಳೆ ಕೆಂಪು ಹಾಕಲೇಬೇಕು ನೋಡಿ.”

ಕಾವಲುಗಾರನ ಕುರ್ಚಿ ಇದ್ದದ್ದು ಆ ಕಿಟಕಿಯ ಕೆಳಗೇ.

“ನೀನೆಲ್ಲಿ ಹೋಗಿದ್ದೆ?”

“ಸರ್ವೆ ಅಕ್ಕ ಟೀ ತರೋಕೆ ಕಳಿಸಿದ್ರು ಸಾರ್. ಕ್ಯಾಂಟೀನ್‌ದು ಬೇಡ, ಗೇಟಿನಾಚೆ ಅಂಗಡೀದೇ ಬೇಕು ಅಂದ್ರು.”

ಹಳ್ಳಿಯಲ್ಲಿ ಚಾಲಕನ ಮನೆ ಹುಡುಕಬೇಕಾಗಲಿಲ್ಲ. ನೀಲಿ ಗೋಡೆ ದೂರಕ್ಕೇ ಕಂಡಿತು. ಕಾನ್‌ಸ್ಟೇಬಲ್ ಅವನ ತೋಳು ಹಿಡಿದ.

“ಬೈದಿದ್ದು ಹೌದು. ಹೊಡೆದಿಲ್ಲ.”

“ಗೋಡೆ ನಿನ್ನದೇ ತಾನೆ? ಜೀಪು ಹತ್ತು, ಪುರಾಣ ಆಮೇಲೆ.”

ಅವನ ಅಜ್ಜಿ ನೀರು ತಂದಿಟ್ಟಳು. “ಕೂತ್ಕೊಳ್ಳಿ ಮಕ್ಕಳೇ. ನಮಗೇನೂ ತೊಂದರೆ ಇಲ್ಲ.”

“ಮೊಮ್ಮಗನ್ನೇ ಹಿಡ್ಕೊಂಡು ಹೋಗ್ತಿದೀವಿ ಅಜ್ಜಿ, ಆದ್ರೂ ತೊಂದರೆ ಇಲ್ವಾ?” ಕಾನ್‌ಸ್ಟೇಬಲ್ ಕೇಳಿದ.

ಇನ್‌ಸ್ಪೆಕ್ಟರ್ ಒಳಗೆ ಹೋದರು. ಸಿಡಿಮದ್ದಿನ ಅದುರಾಟಕ್ಕೆ ಗೋಡೆ ಸೂರಿನಿಂದ ನೆಲದವರೆಗೆ ಸೀಳಿತ್ತು. ಸೀಳಿಗೆ ಹಳೆಯ ಸೀರೆ ತುರುಕಿತ್ತು. ಅದರ ಮಗ್ಗುಲಲ್ಲೇ ಅಜ್ಜಿಯ ಹಾಸಿಗೆ.

“ಇದನ್ನ ಸರ್ವೆಯವರಿಗೆ ಹೇಳಿದ್ರಾ?”

“ಮನೆಗೆ ಬಂದ ಹೆಣ್ಣುಮಗಳ ಮುಂದೆ ಗೋಳು ತೋಡ್ಕೊಳ್ಳೋದಾ? ಚೆನ್ನಾಗಿದೀವಿ ಅಂದೆ. ಅವಳೇ ಒಳಗೆ ಬಂದು ನೋಡಿ ಕಣ್ಣಲ್ಲಿ ನೀರು ತಂದ್ಕೊಂಡ್ಲು. ಉದುರಿದ್ದ ಗಾರೆ ತುಂಡೊಂದನ್ನ ಆಫೀಸಲ್ಲಿ ತೋರಿಸ್ತೀನಿ ಅಂತ ಸೆರಗಲ್ಲಿ ಕಟ್ಕೊಂಡು ಹೋದ್ಲು.”

ಇನ್‌ಸ್ಪೆಕ್ಟರ್ ಹೊರಬಂದು ಕೈಸನ್ನೆ ಮಾಡಿದರು. ಕಾನ್‌ಸ್ಟೇಬಲ್ ತೋಳು ಬಿಟ್ಟ.

ಆರು ಗಂಟೆಗೆ ಸರ್ವೆಯವಳು ಠಾಣೆಯಲ್ಲಿ ಎದುರು ಕುಳಿತಳು.

“ನೀವೇನಾ?”

“ನಾನೇ.”

“ಗಾಜು ತಾಗಬಾರದು ಅಂತ ಕಾವಲುಗಾರನ್ನ ದೂರ ಕಳಿಸೋಷ್ಟು ಯೋಚನೆ ಮಾಡಿದ್ರಿ. ಆ ಹುಡುಗನ ಮೇಲೆ ಬರುತ್ತೆ ಅಂತ ಹೊಳೀಲಿಲ್ವಾ?”

ಅವಳ ಮುಖ ಬಾಡಿತು. “ಇಲ್ಲ ಸಾರ್. ಅವನನ್ನ ಬಿಟ್ರಾ?”

“ಬಿಟ್ಟೆ. ಯಾಕೆ ಹೀಗೆ ಮಾಡಿದ್ರಿ?”

“ಅಜ್ಜಿ ಬಾಯಿಬಿಟ್ಟು ದೂರು ಹೇಳಲಿಲ್ಲ, ಅದಕ್ಕೇ ಹಸಿರು. ಕಣ್ಣಲ್ಲಿ ಕಂಡಿದ್ದನ್ನ ಬರೆಯೋಕೆ ನನಗೆ ಅಧಿಕಾರ ಇಲ್ಲ. ಆ ತುಂಡು ಮ್ಯಾನೇಜರ್ ಸಾಹೇಬರ ಮೇಜಿನ ಮೇಲೇ ಇತ್ತು, ತಿಂಗಳುಗಟ್ಟಲೆ, ಕಾಗದ ಹಾರದ ಹಾಗೆ. ಯಾರೂ ನೋಡಲಿಲ್ಲ. ಕಿಟಕಿ ಒಡ್ಕೊಂಡು ಒಳಗೆ ಬಂದಾಗ ನೋಡಿದ್ರು. ಆಗಲೂ ಅವರಿಗೆ ಗುರುತು ಸಿಗಲಿಲ್ಲ.”

ಹೇಳಿಕೆ ಪಡೆದು ಅವಳನ್ನು ಬಂಧಿಸಲಾಯಿತು.

ಬುಧವಾರ ಫಲಕಕ್ಕೆ ಕೆಂಪು ಬಿಲ್ಲೆ ಬಿತ್ತು, ಸಿಡಿಮದ್ದು ನಿಂತಿತು. ಸಾಕ್ಷ್ಯದ ತುಂಡು ಬಂದ ಗೋಡೆಯ ಪಂಚನಾಮೆಯೂ ಆಗಬೇಕಿತ್ತು. ಕಾನ್‌ಸ್ಟೇಬಲ್ ಸೀರೆ ಎಳೆದು ಸೀಳಿನೊಳಗೆ ಕೈ ಹಾಕಿದ. ಕೈ ಹೋಗುತ್ತಲೇ ಇತ್ತು. ಬೆರಳಿಗೆ ಆಚೆಯ ಗಾಳಿ ತಾಗಿತು.

“ನಮಗೇನೂ ತೊಂದರೆ ಇಲ್ಲ ಕಣಪ್ಪ,” ಅಜ್ಜಿ ಬಾಗಿಲಿನಿಂದ ಹೇಳಿದಳು. “ಪಾಪ, ಆ ಹುಡುಗೀನ ಬಿಟ್ಬಿಡಿ.”

ಇನ್‌ಸ್ಪೆಕ್ಟರ್ ಆ ಮಾತನ್ನು ಬರೆದುಕೊಳ್ಳಲಿಲ್ಲ. ಟೇಪು ಬಿಚ್ಚಿ ಕಾನ್‌ಸ್ಟೇಬಲ್‌ಗೆ ಕೊಟ್ಟರು.

“ಅಳತೆ ಹೇಳು.”