ಕಾಲು ಹಿಡಿದ ಮರಳು

ಮೂರು ರಾಷ್ಟ್ರೀಯ ಉದ್ಯಾನಗಳ ಕಣಿವೆಗಳನ್ನು ಒಂದೇ ಪ್ರವಾಸದಲ್ಲಿ ನಡೆದು ಮುಗಿಸಬೇಕೆಂದು ಲಾರೂ ಮತ್ತು ಮಾರ್ವಾ ಹಟ ಹಿಡಿದು ಹೊರಟಿದ್ದರು. ಎರಡು ಮುಗಿದಿದ್ದವು. ಯೂಟಾ ರಾಜ್ಯದ ದಕ್ಷಿಣದ ಈ ಕೊರಕಲೊಂದೇ ಬಾಕಿ; ಅದರ ಕೆಳಬಾಯಲ್ಲಿ ಲಾರೂವಿನ ಗಾಡಿ ನಿಂತಿತ್ತು. ಮಾರ್ವಾ ಲಾರೂವಿನ ಅಣ್ಣನ ಹೆಂಡತಿಯಾಗಿದ್ದವಳು. ವಿಚ್ಛೇದನವಾಗಿ ವರ್ಷ ಕಳೆದರೂ ಲಾರೂವಿನ ಬಾಯಲ್ಲಿ ಅವಳಿನ್ನೂ ಅತ್ತಿಗೆಯೇ.

ಬೆಳಗಿನಿಂದ ಕೆಂಪು ಬಂಡೆಯ ಗೋಡೆಗಳು ಒತ್ತಿ ಬರುತ್ತಾ ಆಕಾಶವನ್ನು ನೀಲಿ ದಾರದಷ್ಟು ತೆಳ್ಳಗೆ ಮಾಡಿದ್ದವು. ತಲೆಗಿಂತ ಮೇಲೆ, ಬಂಡೆಯ ಸಂದಿನಲ್ಲಿ, ಹಳೆಯ ನೆರೆ ಸಿಕ್ಕಿಸಿ ಹೋದ ಮರದ ದಿಮ್ಮಿಗಳು. ಕೆಳಗೆ ಪಾದ ಮುಳುಗುವಷ್ಟೇ ತೊರೆ. ಮುಂಜಾನೆಯ ಹವಾಮಾನ ವರದಿಯಲ್ಲಿ ಮಳೆಯ ಸುಳಿವಿರಲಿಲ್ಲ. ಆದರೆ ಒಂದು ತಿರುವಿನಲ್ಲಿ ಉತ್ತರದ ಕಡೆ ಮೋಡ ಕಪ್ಪಿಟ್ಟಿದ್ದು ಲಾರೂವಿಗೆ ಕಂಡಿತು. ಬೇಗ ಹೆಜ್ಜೆ ಹಾಕೋಣವೆಂದಳು.

ಅವಸರದಲ್ಲಿ ಮಾರ್ವಾ ತೊರೆ ದಾಟಲು ಕಾಲಿಟ್ಟಳು. ಮರಳು ಆ ಕಾಲನ್ನು ಮೊಣಕಾಲಿನವರೆಗೆ ನುಂಗಿತು.

"ಲಾರೂ, ನಿಂತ್ಕೋ. ಕಾಲು ಬರ್ತಿಲ್ಲ."

ಲಾರೂ ಎರಡೂ ಕೈಯಲ್ಲಿ ಮರಳು ತೋಡಿದಳು. ತೋಡಿದಷ್ಟೂ ತುಂಬಿಕೊಂಡಿತು. ತೋಳು ಹಿಡಿದು ಎಳೆದರೆ ಮಾರ್ವಾ ನೋವಿಗೆ ಹಲ್ಲು ಕಚ್ಚಿದಳು. ಅಷ್ಟರಲ್ಲಿ ತಿಳಿಯಾಗಿದ್ದ ನೀರು ಕೆಂಪಗಾಯಿತು. ಹಸಿಮಣ್ಣಿನ ವಾಸನೆ ಬಂತು. ಕಡ್ಡಿಗಳು ತೇಲಿ ಬಂದವು.

ಇಬ್ಬರಿಗೂ ಅರ್ಥವಾಯಿತು: ಮೇಲೆಲ್ಲೋ ಮಳೆ ಸುರಿದು ನೆರೆ ಬರುತ್ತಿದೆ.

"ನೀನು ಮೇಲೆ ಹತ್ತು," ಎಂದಳು ಮಾರ್ವಾ. "ನನಗೋಸ್ಕರ ಯಾಕೆ ಸಾಯ್ತೀಯ? ನಾನೀಗ ನಿಮ್ಮ ಮನೆಯವಳೂ ಅಲ್ಲ."

"ನಿಮ್ಮನ್ನ ಬಿಟ್ಟಿದ್ದು ಅಣ್ಣ, ನಾನಲ್ಲ. ಸುಮ್ನೆ ಹಿಂದಕ್ಕೆ ಒರಗಿ, ಅತ್ತಿಗೆ."

ಅವಳ ಬೆನ್ನಿಗೆ ಲಾರೂ ತನ್ನ ಚೀಲ ಕೊಟ್ಟು ಮಲಗಿಸಿದಳು. ತನ್ನ ಊರುಗೋಲನ್ನು ಹೂತ ಕಾಲಿನ ಪಕ್ಕದಲ್ಲೇ ಇಳಿಸಿ ಅಲುಗಾಡಿಸಿದಳು. ಕೋಲಿನ ಗುಂಟ ನೀರು ಇಳಿದು ಮರಳು ಸಡಿಲವಾಗತೊಡಗಿತು. ಎಳೆಯಬೇಡಿ, ಬೂಟಿನೊಳಗೆ ಪಾದವನ್ನಷ್ಟೇ ತಿರುಗಿಸಿ ಎಂದಳು.

ಮೇಲಿನಿಂದ ಗುಡುಗಿನಂಥ ಸದ್ದು ಶುರುವಾಯಿತು. ನಿಲ್ಲಲಿಲ್ಲ.

ನೀರು ಮಾರ್ವಾಳ ಸೊಂಟ ಮುಟ್ಟಿತು. ಲಾರೂ ಕೋಲು ಬಿಡಲಿಲ್ಲ. ಒಮ್ಮೆಲೇ ಪಾದ ಬೂಟಿನಿಂದ ಜಾರಿ ಹೊರಬಂತು. ಇಬ್ಬರೂ ಚೀಲಗಳನ್ನು ಅಲ್ಲೇ ಬಿಟ್ಟು, ಉಗುರು ಕಿತ್ತುಹೋಗುವಂತೆ ಬಂಡೆ ಹಿಡಿದು, ಒಬ್ಬರನ್ನೊಬ್ಬರು ನೂಕುತ್ತಾ ದಿಣ್ಣೆಯೊಂದಕ್ಕೆ ಹತ್ತಿದರು. ಅವರ ಅಡಿಯಲ್ಲೇ ಕೆಂಪು ನೆರೆ ಮರಗಳನ್ನು ಹೊತ್ತು ನುಗ್ಗಿತು. ಬಂಡೆ ನಡುಗಿತು.

ಮಾರ್ವಾ ತನ್ನ ಬರಿಗಾಲನ್ನು ನೋಡಿಕೊಂಡಳು: "ನಿಮ್ಮಣ್ಣ ಆಗಿದ್ರೆ ಮೊದ್ಲು ಬೂಟು ಹುಡುಕ್ತಿದ್ದ."

ಲಾರೂ ನಕ್ಕಳು. ನಗು ನಿಲ್ಲದೆ ಅಳುವಾಯಿತು. ಮಾರ್ವಾ ಅವಳ ತಲೆಯನ್ನು ಹೆಗಲಿಗೆ ಒತ್ತಿಕೊಂಡಳು.

ಮಧ್ಯಾಹ್ನ ಇಳಿಯುವ ವೇಳೆಗೆ ನೀರೂ ಇಳಿಯಿತು. ಲಾರೂ ಅಂಗಿಯ ತೋಳು ಹರಿದು ಅತ್ತಿಗೆಯ ಬರಿಗಾಲಿಗೆ ಸುತ್ತಿದಳು. ಕೆಸರಿನಲ್ಲಿ ಪ್ರತಿ ಹೆಜ್ಜೆಗೂ ಮೊದಲು, ನೆರೆ ಬಿಟ್ಟುಹೋಗಿದ್ದ ಕೋಲೊಂದನ್ನು ಊರಿ ನೋಡುತ್ತಾ ನಡೆದರು. ಹೊತ್ತು ಮುಳುಗುವ ಮುಂಚೆ ಗೋಡೆಗಳು ಸರಿದು ಆಕಾಶ ಅಗಲವಾಯಿತು. ಎತ್ತರದ ದಡದಲ್ಲಿ ಗಾಡಿ ಇತ್ತು.

ಹಿಂಬದಿಯ ಹಲಗೆ ಇಳಿಸಿ ಕುಳಿತು ಡಬ್ಬಿಯ ಪೀಚ್ ಹಣ್ಣನ್ನು ಕೈಯಿಂದಲೇ ತಿಂದರು. ಮಾರ್ವಾ ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಮರಗಟ್ಟಿದ್ದ ಪಾದವನ್ನು ಇಳಿಬಿಸಿಲಿಗೆ ಚಾಚಿದಳು. ಲಾರೂ ತಿನ್ನುವುದನ್ನು ನಿಲ್ಲಿಸಿ ನೋಡಿದಳು. ಹೆಬ್ಬೆರಳು ಅಲುಗಿತು. ತುಸು ತಡೆದು, ಉಳಿದವೂ.